ಇಳಿವಯಸ್ಸಿನ ಸೋಲು

ಕ್ರೀಡಾಪ್ರಿಯರು ನಾಲ್ವರು ಒಂದೆಡೆ ಕಲೆತರೆ ಸಾಕು, ಇಂಥ ಆಟದಲ್ಲಿ ಎಲ್ಲರಿಗಿಂತ ಹಿರಿಯನು ಯಾರು ಎಂಬ ವಾದ ತಲೆಯೆತ್ತುತ್ತದೆ. ಬಾಕ್ಸಿಂಗ್ ಎಂದು ಜಗತ್ತೆಲ್ಲ ಕರೆಯುವ ಮುಷ್ಟಿಯುದ್ಧದಲ್ಲಂತೂ ಈ ವಾದಕ್ಕೆ ಕೊನೆಯೆಂಬುದೇ ಇಲ್ಲ. ಒಬ್ಬರು ಮಹಮ್ಮದ್ ಅಲಿಯ ಹೆಸರನ್ನು ಹೇಳಿದರೆ, ಇನ್ನೊಬ್ಬರು ಜೋ ಲೂಯಿಯನ್ನು ಎತ್ತಿಹಿಡಿಯುತ್ತಾರೆ. ಮತ್ತೊಬ್ಬರು ಒಮ್ಮೆಯೂ ಸೋಲದ ರಾಕಿ ಮಾರ್ಸಿಯಾನೊನನ್ನು ಮುಂದಿಡುತ್ತಾರೆ. ವಾದ ಬಿಗಿಯಾದಾಗ ಎಲ್ಲರೂ ಮೊರೆಹೋಗುವುದು ಗೆಲವು ಸೋಲುಗಳ ಪಟ್ಟಿಗೆ. ಆ ಪಟ್ಟಿ ಸುಳ್ಳನ್ನು ಹೇಳುವುದಿಲ್ಲ, ನಿಜ. ಆದರೆ ಅರ್ಧ ಸತ್ಯವನ್ನು ನುಡಿದು ಸುಮ್ಮನಾಗಿಬಿಡುತ್ತದೆ. ಇಂಥ ದಿನ ಇಂಥವನು ಸೋತನೆಂದು ತಿಳಿಸುವ ಪಟ್ಟಿಯು, ಸೋತವನ ವಯಸ್ಸು ಎಷ್ಟಾಗಿತ್ತು, ಅವನು ಯಾವ ಒತ್ತಾಯಕ್ಕೆ ಕಣಕ್ಕಿಳಿದನು ಎಂಬುದನ್ನು ತಿಳಿಸುವುದಿಲ್ಲ.

ಸಂಗೀತ ವಿದ್ವಾಂಸನಿಗೆ ವಯಸ್ಸು ಹೆಚ್ಚಿದಂತೆಲ್ಲ ಹಾಡಿಕೆ ಪಕ್ವವಾಗುವುದುಂಟು. ಕವಿಯ ಲೇಖನಿ ಮುಪ್ಪಿನಲ್ಲಿಯೂ ಹೊಸತನ್ನು ಕಾಣಬಲ್ಲದು. ಮುಷ್ಟಿಯೋಧನಿಗೆ ಆ ಭಾಗ್ಯವಿಲ್ಲ. ಕಣ್ಣಿನ ಚುರುಕು, ಕಾಲಿನ ಲಾಘವ, ಪೆಟ್ಟು ಬೀಳುವ ಮುನ್ನವೇ ತಲೆಯನ್ನು ಸರಿಸುವ ಕ್ಷಣಮಾತ್ರದ ಎಚ್ಚರ, ಇವೇ ಅವನ ಬಂಡವಾಳ. ಮೂವತ್ತು ದಾಟಿದ ಮೇಲೆ ಈ ಬಂಡವಾಳ ಮೆಲ್ಲಮೆಲ್ಲನೆ ಕರಗತೊಡಗುತ್ತದೆ. ಎದುರಾಳಿಯ ಮುಷ್ಟಿ ಬರುವುದು ಕಣ್ಣಿಗೆ ಕಾಣುತ್ತದೆ. ಆದರೆ ದೇಹವು ಮನಸ್ಸಿನ ಆಜ್ಞೆಯನ್ನು ಪಾಲಿಸುವಷ್ಟರಲ್ಲಿ ಪೆಟ್ಟು ಬಿದ್ದಿರುತ್ತದೆ. ಹೊಡೆಯುವ ಬಲ ಮಾತ್ರ ಉಳಿದೆಲ್ಲಕ್ಕಿಂತ ತಡವಾಗಿ ಕುಂದುತ್ತದೆ. ಆದ್ದರಿಂದಲೇ ತನ್ನಲ್ಲಿ ಇನ್ನೂ ಕಸುವಿದೆಯೆಂಬ ಭ್ರಮೆ ಯೋಧನನ್ನು ಸುಲಭವಾಗಿ ಬಿಡದು.

ಅಮೆರಿಕದ ಜೋ ಲೂಯಿಯನ್ನೇ ನೋಡೋಣ. 1937ರಲ್ಲಿ ಹೆವಿವೇಟ್ ವರ್ಗದ ವಿಶ್ವವಿಜೇತನಾದ ಅವನು 1949ರವರೆಗೆ ಆ ಪಟ್ಟವನ್ನು ಯಾರಿಗೂ ಬಿಟ್ಟುಕೊಡಲಿಲ್ಲ. ಇಪ್ಪತ್ತೈದು ಸಲ ಅದನ್ನು ಉಳಿಸಿಕೊಂಡನು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಎರಡು ಪಂದ್ಯಗಳ ಸಂಪಾದನೆಯನ್ನು ಸೇನೆಯ ನೆರವಿನ ನಿಧಿಗಳಿಗೆ ಒಪ್ಪಿಸಿದನು. ಹಾಗೆ ಕೊಟ್ಟ ಕೈ ಮುಂದೆ ತೆರಿಗೆಯ ಸಾಲದಲ್ಲಿ ಸಿಕ್ಕಿಕೊಂಡಿತು. ಪಟ್ಟವನ್ನು ತ್ಯಜಿಸಿ ವಿಶ್ರಮಿಸಬೇಕಾದವನು ಸಾಲ ತೀರಿಸಲು 1950ರಲ್ಲಿ ಮತ್ತೆ ಕೈಗವಸು ತೊಟ್ಟನು. ಆ ವರ್ಷ ಎಝರ್ಡ್ ಚಾರ್ಲ್ಸ್‌ನ ಎದುರು ಸೋತನು. 1951ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನಲ್ಲಿ, ತನಗಿಂತ ಒಂಬತ್ತು ವರ್ಷ ಚಿಕ್ಕವನಾದ ಮಾರ್ಸಿಯಾನೊನ ಪೆಟ್ಟಿಗೆ ಎಂಟನೆಯ ಸುತ್ತಿನಲ್ಲಿ ನೆಲಕ್ಕುರುಳಿದನು. ವೃತ್ತಿಜೀವನದಲ್ಲಿ ಲೂಯಿ ಸೋತದ್ದು ಮೂರೇ ಸಲ. ಅವುಗಳಲ್ಲಿ ಎರಡು ಹೀಗೆ ಸಾಲವು ತಂದಿತ್ತ ಸೋಲುಗಳು.

ಶುಗರ್ ರೇ ರಾಬಿನ್‌ಸನ್ನನ ಪಟ್ಟಿಯಲ್ಲಿ ಹತ್ತೊಂಬತ್ತು ಸೋಲುಗಳಿವೆ. ಸಂಖ್ಯೆಯನ್ನು ಮಾತ್ರ ಕಂಡವನು ಇವನೆಂಥ ಶ್ರೇಷ್ಠನೆಂದು ಹುಬ್ಬೇರಿಸಿಯಾನು. ಆದರೆ 1952ರಲ್ಲಿ ಅವನು ಮೊದಲ ಸಲ ನಿವೃತ್ತನಾದಾಗ, ಹನ್ನೆರಡು ವರ್ಷಗಳ ಹೋರಾಟದ ಬಳಿಕ, ಅವನ ಸೋಲುಗಳು ಮೂರು ಮಾತ್ರ. ಮಿಕ್ಕ ಹದಿನಾರು, 1955ರಲ್ಲಿ ಅವನು ಮರಳಿ ಬಂದ ಮೇಲೆ ಸೇರಿದವು. ನಾಲ್ವತ್ತನಾಲ್ಕನೆಯ ವಯಸ್ಸಿನವರೆಗೂ ಅವನು ಹೋರಾಡುತ್ತಲೇ ಇದ್ದನು. ಆ ಹದಿನಾರನ್ನು ಮೊದಲಿನ ಮೂರರ ಜೊತೆಗೆ ಒಂದೇ ತಕ್ಕಡಿಯಲ್ಲಿಟ್ಟು ತೂಗುವುದು ನ್ಯಾಯವೇ?

ಹಾಗಾದರೆ ಯೋಧನ ಉಚ್ಛ್ರಾಯದ ವರ್ಷಗಳನ್ನು ಮಾತ್ರ ಎಣಿಸಿ, ಮಿಕ್ಕದ್ದನ್ನೆಲ್ಲ ಅಳಿಸಿಬಿಡೋಣವೆಂದು ಕೆಲವರು ಹೇಳಬಹುದು. ಈ ಮಾತನ್ನೂ ನಾನು ಪೂರ್ಣವಾಗಿ ಒಪ್ಪಲಾರೆ. ಅಲಿಯ ಬದುಕೇ ಇದಕ್ಕೆ ಉತ್ತರ. ವಿಯೆಟ್ನಾಂ ಯುದ್ಧದ ಕಾಲದಲ್ಲಿ, 1967ರಲ್ಲಿ, ಸೈನ್ಯಕ್ಕೆ ಸೇರಲು ನಿರಾಕರಿಸಿದ್ದಕ್ಕಾಗಿ ಅವನ ಪಟ್ಟವನ್ನು ಕಿತ್ತುಕೊಳ್ಳಲಾಯಿತು. ಇಪ್ಪತ್ತೈದರಿಂದ ಇಪ್ಪತ್ತೆಂಟರವರೆಗಿನ, ದೇಹವು ತುಂಬುಹರೆಯದಲ್ಲಿದ್ದ ಮೂರೂವರೆ ವರ್ಷಗಳ ಕಾಲ ಅವನು ಕಣಕ್ಕಿಳಿಯುವಂತಿರಲಿಲ್ಲ. 1970ರಲ್ಲಿ ಹಿಂದಿರುಗಿದಾಗ ಕಾಲುಗಳಲ್ಲಿ ಮೊದಲಿನ ನರ್ತನವಿರಲಿಲ್ಲ. ಆದರೂ 1974ರಲ್ಲಿ, ಆಗ ಜೈರ್ ಎನಿಸಿದ್ದ ದೇಶದ ಕಿನ್ಶಾಸಾ ನಗರದಲ್ಲಿ, ಅಲ್ಲಿಯವರೆಗೆ ಸೋಲನ್ನೇ ಕಾಣದ ಇಪ್ಪತ್ತೈದರ ತರುಣ ಜಾರ್ಜ್ ಫೋರ್‌ಮನ್ನನನ್ನು ಅವನು ಎಂಟನೆಯ ಸುತ್ತಿನಲ್ಲಿ ಕೆಡವಿದನು. ಹಗ್ಗಕ್ಕೊರಗಿ ನಿಂತು, ಎದುರಾಳಿ ಹೊಡೆದು ಹೊಡೆದು ದಣಿಯುವಂತೆ ಮಾಡಿ ಗೆದ್ದ ಆ ಉಪಾಯವು ಕಾಲುಗಳ ವೇಗ ತಗ್ಗಿದ ಮೇಲೆ ಬುದ್ಧಿಯು ಕಂಡುಕೊಂಡ ಮಾರ್ಗ. ಉಚ್ಛ್ರಾಯ ಕಳೆದ ಮೇಲೆ ದೊರೆತ ಈ ಗೆಲವನ್ನು ಅಳಿಸಿದರೆ ಅಲಿಯ ಹಿರಿಮೆಯ ಅರ್ಧವನ್ನೇ ಅಳಿಸಿದಂತೆ.

ಆದ್ದರಿಂದ ನನಗೆ ತೋರುವ ನಿಯಮ ಇಷ್ಟೇ: ಇಳಿವಯಸ್ಸಿನ ಗೆಲವಿಗೆ ಬೆಲೆ ಹೆಚ್ಚು, ಇಳಿವಯಸ್ಸಿನ ಸೋಲಿಗೆ ಬೆಲೆ ಕಡಿಮೆ. ಇದು ಪಕ್ಷಪಾತವಲ್ಲವೇ ಎಂದು ಕೇಳಬಹುದು. ಎಪ್ಪತ್ತರ ವೃದ್ಧನು ಬೆಟ್ಟವನ್ನೇರಿದರೆ ಕೈಮುಗಿಯುತ್ತೇವೆ. ಏರಲಾರದೆ ಕುಳಿತರೆ ಯಾರೂ ಹಳಿಯುವುದಿಲ್ಲ. ಇದೂ ಹಾಗೆಯೇ. ಅದೇ ಫೋರ್‌ಮನ್ ಹತ್ತು ವರ್ಷ ಕಣದಿಂದ ದೂರವಿದ್ದು ಮರಳಿ ಬಂದು, 1994ರಲ್ಲಿ ನಾಲ್ವತ್ತೈದನೆಯ ವಯಸ್ಸಿನಲ್ಲಿ, ಇಪ್ಪತ್ತಾರರ ಮೈಕೇಲ್ ಮೂರರ್‌ನನ್ನು ಹತ್ತನೆಯ ಸುತ್ತಿನಲ್ಲಿ ಉರುಳಿಸಿ ಪಟ್ಟವನ್ನು ಮತ್ತೆ ಪಡೆದನು. ಕೊನೆಗೆ ಉಳಿಯುವುದು ಮುಷ್ಟಿಯ ಬಲವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಈ ನಿಯಮ ಗೆದ್ದವನಿಗೂ ಅನ್ವಯಿಸಬೇಕು. ಮುದಿಹುಲಿಯನ್ನು ಕೆಡವಿದವನು ಹುಲಿಯನ್ನು ಕೆಡವಿದಷ್ಟೇ ಕೀರ್ತಿಯನ್ನು ಬಯಸಲಾಗದು. 1980ರ ಅಕ್ಟೋಬರ್ 2ರಂದು ಲಾಸ್ ವೇಗಾಸ್ ನಗರದಲ್ಲಿ ಮೂವತ್ತೆಂಟರ ಅಲಿ, ಹಿಂದೆ ತನಗೆ ಅಭ್ಯಾಸದ ಜೊತೆಗಾರನಾಗಿದ್ದ ಲ್ಯಾರಿ ಹೋಮ್ಸ್‌ನನ್ನು ಎದುರಿಸಿದನು. ಹತ್ತು ಸುತ್ತುಗಳಲ್ಲಿ ಒಂದೂ ಅಲಿಯದಾಗಲಿಲ್ಲ. ಆತನ ಗುರು ಏಂಜೆಲೊ ಡಂಡಿ ಇನ್ನು ಸಾಕೆಂದು ಪಂದ್ಯವನ್ನು ನಿಲ್ಲಿಸಿದನು. ಹೋಮ್ಸ್ ನಿಜವಾಗಿಯೂ ದೊಡ್ಡ ಯೋಧ. ಆದರೆ ಅವನ ದೊಡ್ಡತನಕ್ಕೆ ಸಾಕ್ಷಿ ಆ ರಾತ್ರಿಯಲ್ಲ. ಕಾಲಚಕ್ರದ ಕೌತುಕವನ್ನು ನೋಡಿ: 1988ರಲ್ಲಿ ಅದೇ ಹೋಮ್ಸ್, ಅದೇ ಮೂವತ್ತೆಂಟನೆಯ ವಯಸ್ಸಿನಲ್ಲಿ, ಇಪ್ಪತ್ತೊಂದರ ಮೈಕ್ ಟೈಸನ್ನನ ಎದುರು ನಾಲ್ಕನೆಯ ಸುತ್ತಿನಲ್ಲಿ ಕುಸಿದನು.

ಇನ್ನು ಮಾರ್ಸಿಯಾನೊ. ನಾಲ್ವತ್ತೊಂಬತ್ತು ಪಂದ್ಯಗಳನ್ನಾಡಿ, ಎಲ್ಲವನ್ನೂ ಗೆದ್ದು, 1956ರಲ್ಲಿ ಮೂವತ್ತೆರಡನೆಯ ವಯಸ್ಸಿನಲ್ಲಿಯೇ ಅವನು ವಿರಮಿಸಿದನು. ಎದ್ದುಹೋಗುವ ಹೊತ್ತನ್ನು ಅರಿಯುವುದು ದೊಡ್ಡ ವಿವೇಕ, ಅದನ್ನು ಮೆಚ್ಚಲೇಬೇಕು. ಆದರೆ ವಿವೇಕ ಬೇರೆ, ಯುದ್ಧಕೌಶಲ ಬೇರೆ. ಸಕಾಲದಲ್ಲಿ ಹೊರಟವನ ಪಟ್ಟಿ ಶುಭ್ರವಾಗಿದೆಯೆಂದ ಮಾತ್ರಕ್ಕೆ, ಹೊರಡಲಾರದೆ ಉಳಿದವನ ಮುಷ್ಟಿ ಕೀಳೆಂದು ತೀರ್ಮಾನಿಸಲಾಗದು.

ಈ ಲೆಕ್ಕಾಚಾರ ಬರಿಯ ಹರಟೆಯ ಮಾತಲ್ಲ. 1977ರಲ್ಲಿ ಅರ್ನಿ ಶೇವರ್ಸ್‌ನೊಡನೆ ನಡೆದ ಕಠಿಣ ಹೋರಾಟದ ಬಳಿಕ, ಅಲಿಯ ವೈದ್ಯರಾದ ಫರ್ಡಿ ಪಚೆಕೊ ಇನ್ನು ಸಾಕುಮಾಡಬೇಕೆಂದು ಎಚ್ಚರಿಸಿದರು. ಅವರ ಮಾತು ನಡೆಯದಿದ್ದಾಗ ಆ ಬಳಗವನ್ನೇ ತೊರೆದರು. ಅಲಿ ಆ ಮೇಲೂ ನಾಲ್ಕು ವರ್ಷ ಹೋರಾಡಿದನು. 1984ರಲ್ಲಿ ಅವನಿಗೆ ಪಾರ್ಕಿನ್ಸನ್ ರೋಗವೆಂದು ತಿಳಿದುಬಂದಿತು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಜ್ಯೋತಿ ಬೆಳಗಿಸಲು ಅವನು ನಿಂತಾಗ ಆ ಕೈ ನಡುಗುತ್ತಿದ್ದುದನ್ನು ಲೋಕವೆಲ್ಲ ಕಂಡಿತು. 2016ರಲ್ಲಿ ಅವನು ತೀರಿಕೊಂಡನು. ಅವನ ರೋಗಕ್ಕೆ ಪೆಟ್ಟುಗಳು ಎಷ್ಟರಮಟ್ಟಿಗೆ ಕಾರಣವೆಂಬುದು ವೈದ್ಯರು ಚರ್ಚಿಸಿದ ವಿಷಯ. ತಲೆಗೆ ಪದೇ ಪದೇ ಬೀಳುವ ಪೆಟ್ಟು ಮಿದುಳನ್ನು ಕೆಡಿಸುತ್ತದೆಂಬುದರಲ್ಲಿ ಮಾತ್ರ ಸಂಶಯವಿಲ್ಲ. ಇನ್ನೊಂದು ಗೆಲವಿನಿಂದ ತನ್ನ ಹಿರಿಮೆಯನ್ನು ಸಾಧಿಸಿ ತೋರಿಸಬೇಕೆಂಬ ಹಂಬಲವನ್ನು ಯೋಧನಲ್ಲಿ ಉರಿಸುವವರು ನಾವೇ, ಹಣ ತೆತ್ತು ನೋಡುವ ಜನ. ಹಿಂದೆ ಮಾಡಿದ್ದೇ ಸಾಕು, ಅದನ್ನು ಯಾವ ಸೋಲೂ ಕಸಿದುಕೊಳ್ಳಲಾರದು ಎಂದು ನಾವು ಮನಃಪೂರ್ವಕವಾಗಿ ನಂಬಿದರೆ, ಅವನಿಗೆ ಮರಳಿ ಬರುವ ಕಾರಣವೊಂದು ಕಡಿಮೆಯಾದೀತು.

ಕುರುಕ್ಷೇತ್ರದಲ್ಲಿ ವೃದ್ಧ ಭೀಷ್ಮನು ಹತ್ತನೆಯ ದಿನ ಶರಶಯ್ಯೆಯಲ್ಲಿ ಮಲಗಿದನು. ಆ ಒಂದು ದಿನದಿಂದ ಭೀಷ್ಮನ ಪರಾಕ್ರಮವನ್ನು ಅಳೆದವರು ನಮ್ಮಲ್ಲಿ ಯಾರೂ ಇಲ್ಲ. ಜೋ ಲೂಯಿಗೂ ಅಲಿಗೂ ನಾವು ಸಲ್ಲಿಸಬೇಕಾದ ನ್ಯಾಯ ಅಷ್ಟೇ.