ಜಗಲಿಗೆ ಬಂದ ಲಂಕೇಶ್
ಹಿರೇನಲ್ಲೂರಿನ ಅಂಗಡಿ ಜಗಲಿಯಲ್ಲಿ ಕೊಬ್ಬರಿ ಚೀಲಕ್ಕೆ ಒರಗಿ ಕೂತು ನಾವು ಓದುತ್ತಿದ್ದ ‘ಲಂಕೇಶ್ ಪತ್ರಿಕೆ’ ಕೈಗೆ ಬರುವಷ್ಟರಲ್ಲಿ ಮಡಿಕೆಯ ಜಾಗದಲ್ಲಿ ಹರಿದು, ಅಂಚಿನ ತುಂಬ ಎಣ್ಣೆಗೈ ಗುರುತಾಗಿರುತ್ತಿತ್ತು. ಮೊದಲು ಹುಡುಕುತ್ತಿದ್ದುದು ಲಂಕೇಶರ ‘ಟೀಕೆ ಟಿಪ್ಪಣಿ’ ಅಂಕಣ. ಪಿ. ಲಂಕೇಶ್ ನಮಗೇನು ದೂರದವರಲ್ಲ. ತರೀಕೆರೆ ದಾಟಿದರೆ ಸಿಗುವ ಶಿವಮೊಗ್ಗ ಸೀಮೆಯ ಕೊನಗವಳ್ಳಿಯಲ್ಲಿ 1935ರಲ್ಲಿ ಹುಟ್ಟಿದವರು. ಇಂಗ್ಲಿಷ್ ಮೇಷ್ಟರಾಗಿದ್ದವರು ‘ಪಲ್ಲವಿ’ ಸಿನಿಮಾ ಮಾಡಿದರು, ‘ಪ್ರಜಾವಾಣಿ’ಗೆ ಅಂಕಣ ಬರೆದರು, 1980ರಲ್ಲಿ ಸ್ವಂತ ವಾರಪತ್ರಿಕೆ ತೆಗೆದರು. ಅದಕ್ಕೆ ಜಾಹೀರಾತು ಬೇಡವೆಂದರು. ನನ್ನ ಮಟ್ಟಿಗೆ ಅದೇ ದೊಡ್ಡ ಮಾತು: ಓದುಗರ ಚಿಲ್ಲರೆ ಕಾಸಿನ ಮೇಲೆ ನಿಂತ ಪತ್ರಿಕೆಗೆ ಆಗಿನ ಮುಖ್ಯಮಂತ್ರಿ ಗುಂಡೂರಾಯರ ಸರ್ಕಾರವನ್ನು ತರಾಟೆಗೆ ತೆಗೆದುಕೊಳ್ಳಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಮಾನನಷ್ಟ ಮೊಕದ್ದಮೆ, ಜಗಳ, ಮುನಿಸು ಬೆನ್ನಿಗೇ ಬಂದವು. ಕೆಲವು ಸಲ ಆ ಲೇಖನಿ ಅತಿಯಾಯಿತು, ಜೊತೆಗಾರ ಸಾಹಿತಿಗಳನ್ನೂ ನೋಯಿಸಿತು, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಅದೇ ಪತ್ರಿಕೆ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯನ್ನು ಧಾರಾವಾಹಿಯಾಗಿ ತಂದು, ಕಾಸರಗೋಡು ಸೀಮೆಯ ಮುಸ್ಲಿಂ ಹೆಣ್ಣಿನ ಸಂಕಟವನ್ನು ಬಯಲುಸೀಮೆಯ ನಮ್ಮ ಜಗಲಿಗೆ ಮುಟ್ಟಿಸಿತು. ತೆಂಗಿನ ತೋಟ, ಕೆರೆ ನೀರಿನ ಮಾತಲ್ಲೇ ಹೊತ್ತು ಕಳೆಯುತ್ತಿದ್ದವರು ಆ ವಾರಗಳಲ್ಲಿ ತಲಾಖ್ ಬಗ್ಗೆ ಮಾತಾಡಿದರು. 2000ದ ಜನವರಿಯಲ್ಲಿ ಲಂಕೇಶ್ ತೀರಿಕೊಂಡರು. ಅಪ್ಪನ ದಾರಿ ಹಿಡಿದ ಮಗಳು ಗೌರಿ 2017ರ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನ ತಮ್ಮ ಮನೆ ಬಾಗಿಲಲ್ಲೇ ಗುಂಡಿಗೆ ಬಲಿಯಾದರು. ಮಾರನೆಯ ಬೆಳಿಗ್ಗೆ ಅದೇ ಜಗಲಿಯಲ್ಲಿ ಪೇಪರು ಕೈಯಿಂದ ಕೈಗೆ ಹೋಯಿತು. ಯಾರೂ ಜೋರಾಗಿ ಓದಲಿಲ್ಲ.