ಅಪ್ಪನ ಕ್ಲಿಕ್ಕಿಗೆ ಬೈಬೇಡಿ

ಮನೆಯ ಲ್ಯಾಪ್‌ಟಾಪ್ ಕೆಟ್ಟಾಗಲೆಲ್ಲ ಅಪರಾಧಿ ರೆಡಿ ಇರ್ತಾರೆ. ಅಪ್ಪ, ಇಲ್ಲಾಂದ್ರೆ ಅಮ್ಮ. ‘ಏನೋ ಒತ್ತಿಬಿಟ್ಟಿದ್ದಾರೆ, ವೈರಸ್ ಬಂದಿದೆ’ ಅಂತ ಬೆಂಗಳೂರಲ್ಲಿ ಕೂತ ಮಗನೋ ಮಗಳೋ ಫೋನಿನಲ್ಲೇ ತೀರ್ಪು ಕೊಟ್ಟಾಗುತ್ತೆ. ಆಫೀಸಿನಲ್ಲಿ ಒಂದು ಸಣ್ಣ ಸಾಫ್ಟ್‌ವೇರ್ ಹಾಕಿಸೋಕೂ ಐಟಿಯವರಿಗೆ ಟಿಕೆಟ್ ಹಾಕಿ ಕಾಯುವ ಇದೇ ಜನ, ಊರಿನ ಮನೆಯಲ್ಲಿ ಮಾತ್ರ ಎಲ್ಲರಿಗೂ ಸೇರಿ ಒಂದೇ ಅಕೌಂಟ್ ಮಾಡಿಟ್ಟು ಬಂದಿರ್ತಾರೆ. ಅದೂ ಅಡ್ಮಿನಿಸ್ಟ್ರೇಟರ್ ಅಕೌಂಟ್. ಪಾಸ್‌ವರ್ಡ್ 1234. ಇಷ್ಟು ಮಾಡಿ ಅಪ್ಪನಿಗೆ ಬೈಯೋದು ಯಾವ ನ್ಯಾಯ ಸ್ವಾಮಿ?

ವಿಂಡೋಸ್‌ನಲ್ಲಿ ಮೊದಲು ತೆರೆಯುವ ಅಕೌಂಟಿಗೆ ಪೂರ್ತಿ ಅಧಿಕಾರ ಇರುತ್ತೆ. ಹೊಸ ಪ್ರೋಗ್ರಾಂ ಒಳಗೆ ಬರುವಾಗ ಪರದೆ ಮಬ್ಬಾಗಿ ‘ಯೆಸ್’ ಅಥವಾ ‘ನೋ’ ಅಂತ ಕೇಳುತ್ತಲ್ಲ, 2007ರ ವಿಸ್ಟಾ ಕಾಲದಿಂದ ಬಂದ ಪದ್ಧತಿ ಅದು. ‘ಯೆಸ್’ ಒತ್ತದಿದ್ರೆ ಕೆಲಸ ಮುಂದೆ ಹೋಗಲ್ಲ ಅಂತ ಮನೆಮಂದಿಯೆಲ್ಲ ಕಲಿತುಬಿಟ್ಟಿದ್ದಾರೆ. ಹಾಗಾಗಿ ಆ ಪ್ರಶ್ನೆ ಈಗ ಪ್ರಶ್ನೆಯಾಗಿ ಉಳಿದಿಲ್ಲ. ಸ್ಟ್ಯಾಂಡರ್ಡ್ ಅಕೌಂಟಿನಲ್ಲಾದರೆ ಅಲ್ಲಿ ಅಡ್ಮಿನ್ ಪಾಸ್‌ವರ್ಡ್ ಕೇಳುತ್ತೆ. ಕೈ ಒಂದು ಕ್ಷಣ ನಿಲ್ಲುತ್ತೆ. ಬೇಕಾಗಿರೋದು ಆ ಒಂದು ಕ್ಷಣ.

ಇನ್ನು ಭಯದ ವ್ಯಾಪಾರಕ್ಕೆ ಬನ್ನಿ. ಹೊಸ ಲ್ಯಾಪ್‌ಟಾಪಿನ ಜೊತೆ ಎಷ್ಟೋ ಸಲ ಟ್ರಯಲ್ ಆಂಟಿವೈರಸ್ ಒಂದು ಬಂದಿರುತ್ತೆ. ಅವಧಿ ಮುಗಿದದ್ದೇ ತಡ, ‘ನೀವು ಅಪಾಯದಲ್ಲಿದ್ದೀರಿ’ ಅಂತ ಕೆಂಪು ಅಕ್ಷರದಲ್ಲಿ ಶುರು. 2012ರ ವಿಂಡೋಸ್ 8ರಿಂದಲೇ ಡಿಫೆಂಡರ್ ಅನ್ನುವ ಆಂಟಿವೈರಸ್ ಒಳಗೇ ಇದೆ, ಬೇರೆಯದು ಕಾವಲಿಗೆ ಕೂತಾಗ ಅದು ಪಕ್ಕಕ್ಕೆ ಸರಿಯುತ್ತೆ ಅನ್ನೋದನ್ನ ಆ ಕೆಂಪು ಅಕ್ಷರ ಹೇಳಲ್ಲ. ಹೆದರಿದವರು ಇನ್ನೊಂದು ಉಚಿತ ಆಂಟಿವೈರಸ್ ತಂದು ಹಾಕ್ತಾರೆ. ಒಂದಕ್ಕೊಂದು ಕಾಲು ಕೊಟ್ಟು ಲ್ಯಾಪ್‌ಟಾಪ್ ತೆವಳುತ್ತೆ. ಕೊನೆಗೆ ಅಂಗಡಿಯವನು ಫಾರ್ಮ್ಯಾಟ್ ಮಾಡ್ತಾನೆ, ಮದುವೆ ಫೋಟೋಗಳೂ ಅದರ ಜೊತೆಗೇ ಹೋಗ್ತವೆ.

ದುಡ್ಡು ಕೊಟ್ಟು ಕೊಳ್ಳುವ ಆಂಟಿವೈರಸ್ ಎಲ್ಲವೂ ಮೋಸ ಅಂತ ಹೇಳ್ತಿಲ್ಲ. ಆದರೆ ‘ಸೆಕ್ಯುರಿಟಿ’ ಅಂತ ಬೋರ್ಡ್ ಹಾಕಿಕೊಂಡವರನ್ನೆಲ್ಲ ಕಣ್ಣುಮುಚ್ಚಿ ನಂಬೋ ಕಾಲವೂ ಇದಲ್ಲ. ಟ್ರ್ಯಾಕಿಂಗ್ ತಡೀತೀವಿ ಅಂತ ಹೇಳಿ ಬಳಕೆದಾರರ ಬ್ರೌಸಿಂಗ್ ವಿವರಗಳನ್ನೇ ಮಾರಿದ ಆರೋಪದ ಮೇಲೆ 2024ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಅವಾಸ್ಟ್ ಕಂಪನಿಯಿಂದ 1.65 ಕೋಟಿ ಡಾಲರ್ ಕಟ್ಟಿಸಿತು. 2019ರಲ್ಲಿ ಅಲ್ಲಿಯ ಆಫೀಸ್ ಡಿಪೋ 2.5 ಕೋಟಿ ಡಾಲರ್ ತೆತ್ತಿತು. ಆರೋಪ ಏನು ಗೊತ್ತಾ? ಉಚಿತ ತಪಾಸಣೆ ಅಂತ ಕರೆದು, ಇಲ್ಲದ ವೈರಸ್ ತೋರಿಸಿ ರಿಪೇರಿ ಮಾರಿದ್ದು.

ಪರದೆಯ ಮೂಲೆಯಲ್ಲಿ ಹಾರುವ ‘5 ವೈರಸ್ ಸಿಕ್ಕಿವೆ’ ಎಷ್ಟೋ ಸಲ ವೈರಸ್ಸೂ ಅಲ್ಲ, ಆಂಟಿವೈರಸ್ಸೂ ಅಲ್ಲ. ಯಾವುದೋ ವೆಬ್‌ಸೈಟಿಗೆ ‘ಅಲೋ’ ಒತ್ತಿದ್ದರ ಫಲ. ಬ್ರೌಸರಿನ ನೋಟಿಫಿಕೇಶನ್ ಸೆಟ್ಟಿಂಗ್‌ನಲ್ಲಿ ಆ ಸೈಟನ್ನು ತೆಗೆದರೆ ಕಥೆ ಮುಗೀತು. ಅದೇ ಪರದೆಯಲ್ಲಿ ಫೋನ್ ನಂಬರ್ ಇದ್ದರೆ ಅದು ಕಳ್ಳರದ್ದೇ. ಮೈಕ್ರೋಸಾಫ್ಟ್‌ನ ಎಚ್ಚರಿಕೆಗಳಲ್ಲಿ ಫೋನ್ ನಂಬರ್ ಇರೋದೇ ಇಲ್ಲ. ಈ ಒಂದು ವಾಕ್ಯ ಅಪ್ಪನಿಗೆ ಮೊದಲೇ ಗೊತ್ತಿದ್ದರೆ ಅವರ ಪೆನ್ಷನ್ ದುಡ್ಡು ಉಳಿಯಬಹುದು. ದುಡ್ಡು ಹೋಗಿಯೇಬಿಟ್ಟರೆ ತಡ ಮಾಡದೆ 1930ಕ್ಕೆ ಫೋನ್ ಮಾಡಬೇಕು ಅನ್ನೋದೂ ಗೊತ್ತಿರಲಿ.

ಹಾಗಾಗಿ ಮುಂದಿನ ಸಲ ಹಬ್ಬಕ್ಕೆ ಊರಿಗೆ ಹೋದಾಗ ಅರ್ಧ ಗಂಟೆ ಕೂತ್ಕೊಳ್ಳಿ. ಇರುವ ಅಕೌಂಟ್ ಅಳಿಸಬೇಡಿ, ಅಳಿಸಿದರೆ ಅದರೊಳಗಿನ ಫೈಲುಗಳೂ ಹೋಗ್ತವೆ. ಮೊದಲು ಹೊಸದೊಂದು ಅಡ್ಮಿನ್ ಅಕೌಂಟ್ ಮಾಡಿ, ಅದರಲ್ಲಿ ಲಾಗಿನ್ ಆಗುತ್ತಾ ನೋಡಿ. ಆಮೇಲೆ ಹಳೆಯದನ್ನು ಸ್ಟ್ಯಾಂಡರ್ಡ್‌ಗೆ ಇಳಿಸಿ. ಅಮ್ಮನಿಗೆ, ತಂಗಿಗೆ ಅವರವರದೇ ಅಕೌಂಟ್ ಇರಲಿ. ಅವಧಿ ಮುಗಿದ ಟ್ರಯಲ್ ತೆಗೆದು, ರೀಸ್ಟಾರ್ಟ್ ಮಾಡಿ, ಡಿಫೆಂಡರ್ ಎದ್ದಿದೆಯಾ ನೋಡಿ. ಫೋಟೋಗಳನ್ನು ಒಂದು ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿ.

‘ಅಪ್ಪನ ಅಧಿಕಾರ ಕಿತ್ಕೊಂಡ ಹಾಗಾಗಲ್ವಾ?’ ಅಂತ ಕೇಳ್ತೀರಿ. ಅಡ್ಮಿನ್ ಪಾಸ್‌ವರ್ಡನ್ನ ನೀವೇ ಇಟ್ಕೊಂಡು ಬಸ್ ಹತ್ತಿದರೆ ಖಂಡಿತ ಆಗುತ್ತೆ. ಅದನ್ನ ಡೈರಿಯಲ್ಲಿ ಬರೆದು ಅವರ ಕೈಗೇ ಕೊಡಿ, ಯಾವಾಗ ಬೇಕಾಗುತ್ತೆ ಅಂತಲೂ ಹೇಳಿ. ಬೀರುವಿನ ಕೀಲಿ ಅವರ ಹತ್ತಿರವೇ ಇರಲಿ. ಬೀರು ಹಗಲು ರಾತ್ರಿ ತೆರೆದೇ ಇರೋದು ಬೇಡ, ಅಷ್ಟೆ. ಇಷ್ಟು ಮಾಡಿದ ಮೇಲೂ ಏನಾದ್ರೂ ಕೆಟ್ಟರೆ ಸಮಾಧಾನವಾಗಿ ನೋಡೋಣ. ಇದನ್ನೂ ಮಾಡದವರಿಗೆ ಅಪ್ಪನ ಕ್ಲಿಕ್ಕಿನ ಬಗ್ಗೆ ಮಾತಾಡುವ ಹಕ್ಕಿಲ್ಲ.