ಹೊಸ ಕೋಚ್‌ಗೆ ಎಷ್ಟು ಕಾಲಾವಕಾಶ?

ಗೆದ್ದರೆ ತಂಡ ಗೆದ್ದಿತು, ಸೋತರೆ ಕೋಚ್ ಸೋತ. ಆಟಗಳ ಲೋಕದಲ್ಲಿ ಇದು ಹಳೆಯ ಮಾತು. ಅಮೆರಿಕದ ವಿಶ್ವವಿದ್ಯಾನಿಲಯಗಳ ಫುಟ್‌ಬಾಲ್‌ನಲ್ಲಂತೂ ಇದು ಬರೀ ಮಾತಾಗಿ ಉಳಿದಿಲ್ಲ, ಪದ್ಧತಿಯೇ ಆಗಿಬಿಟ್ಟಿದೆ. ಹೊಸದಾಗಿ ಬಂದ ಕೋಚ್ ಎರಡು ವರ್ಷ ಸೋತರೆ ಸಾಕು, ಅಭಿಮಾನಿಗಳ ಸಹನೆಯ ಕಟ್ಟೆ ಒಡೆಯುತ್ತದೆ. ಪತ್ರಿಕೆಗಳಿಗೆ ಪತ್ರಗಳು ಹೋಗುತ್ತವೆ, ರೇಡಿಯೋ ಚರ್ಚೆಗಳಲ್ಲಿ ಕೂಗಾಟ ನಡೆಯುತ್ತದೆ, ದೊಡ್ಡ ದಾನಿಗಳು ದೇಣಿಗೆ ನಿಲ್ಲಿಸುವ ಮಾತಾಡುತ್ತಾರೆ. ಈ ಸಿಟ್ಟು ಸಹಜವೇನೋ ಹೌದು. ಆದರೆ ಅದರಿಂದ ಹೊರಡುವ ತೀರ್ಪು ನ್ಯಾಯವಾದುದೇ? ಈ ಪ್ರಶ್ನೆ ಆಟಕ್ಕೆ ಮಾತ್ರ ಸೇರಿದ್ದಲ್ಲ. ಮಕ್ಕಳ ಅಂಕಪಟ್ಟಿಯನ್ನು ಕೈಯಲ್ಲಿ ಹಿಡಿದು ಕೂರುವ ತಂದೆ ತಾಯಿಗಳಿಗೂ ಇದು ಎದುರಾಗುವ ಪ್ರಶ್ನೆಯೇ.

ಮೊದಲು ಆಟದ ಪರಿಚಯ. ಅಮೆರಿಕನ್ನರು ಫುಟ್‌ಬಾಲ್ ಎಂದು ಕರೆಯುವುದು ಕಾಲ್ಚೆಂಡಾಟವನ್ನಲ್ಲ. ಎರಡೂ ತುದಿ ಚೂಪಾದ ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತ, ಎಸೆಯುತ್ತ, ಎದುರಾಳಿಗಳ ಗೋಡೆಯನ್ನು ಭೇದಿಸಿ ಮುನ್ನುಗ್ಗುವ ಆಟ ಅದು. ಒಂದು ಋತುವಿನಲ್ಲಿ ಪ್ರತಿ ತಂಡಕ್ಕೆ ಸಿಗುವುದು ಸುಮಾರು 12 ಪಂದ್ಯ, ಅದೂ ವಾರಕ್ಕೊಂದರಂತೆ, ಹೆಚ್ಚಾಗಿ ಶನಿವಾರಗಳಂದು. ಮಿಶಿಗನ್ ವಿಶ್ವವಿದ್ಯಾನಿಲಯದ ಕ್ರೀಡಾಂಗಣದಲ್ಲಿ 1,07,601 ಮಂದಿ ಕೂರಬಹುದು. ಉನ್ನತ ವ್ಯಾಸಂಗಕ್ಕೆಂದು ಕರ್ನಾಟಕದಿಂದ ಹೋದ ವಿದ್ಯಾರ್ಥಿಗಳು ಊರಿಗೆ ಊರೇ ಒಂದೇ ಬಣ್ಣದ ಅಂಗಿ ತೊಟ್ಟು ಕ್ರೀಡಾಂಗಣದತ್ತ ಹೊರಡುವುದನ್ನು ಕಂಡು ಬೆರಗಾಗುವುದುಂಟು. ಎಷ್ಟೋ ರಾಜ್ಯಗಳಲ್ಲಿ ಅತಿ ಹೆಚ್ಚು ಸಂಬಳ ಪಡೆಯುವ ಸರ್ಕಾರಿ ನೌಕರ ಗವರ್ನರ್ ಅಲ್ಲ, ಕುಲಪತಿಯೂ ಅಲ್ಲ, ವಿಶ್ವವಿದ್ಯಾನಿಲಯದ ಕೋಚ್! ಇಷ್ಟು ಹಣ, ಇಷ್ಟು ಪ್ರೀತಿ ಸುರಿದ ಮೇಲೆ ಜನ ಫಲ ಕೇಳುವುದರಲ್ಲಿ ತಪ್ಪೇನಿದೆ?

ತಪ್ಪಿಲ್ಲ. ಆದರೆ ಫಲ ಯಾವಾಗ ಕೇಳಬೇಕು ಎಂಬುದರಲ್ಲೇ ಎಲ್ಲ ಅಡಗಿದೆ. ಇದಕ್ಕೆ ಫ್ರ್ಯಾಂಕ್ ಬೀಮರ್ ಅವರ ಕತೆಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಬೀಮರ್ ವರ್ಜೀನಿಯ ಟೆಕ್ ಸಂಸ್ಥೆಯಲ್ಲೇ ಓದಿ, ಅದರ ತಂಡದಲ್ಲೇ ಆಡಿದವರು. 1987ರಲ್ಲಿ ಅಲ್ಲಿಗೇ ಕೋಚ್ ಆಗಿ ಬಂದರು. ಮೊದಲ ವರ್ಷ 2 ಗೆಲುವು, 9 ಸೋಲು. ಮರುವರ್ಷ 3 ಗೆಲುವು, 8 ಸೋಲು. ಆಮೇಲೆ ಕೊಂಚ ಚೇತರಿಸಿಕೊಂಡರೂ 1992ರಲ್ಲಿ ತಂಡ ಮತ್ತೆ ನೆಲಕಚ್ಚಿತು: 2 ಗೆಲುವು, 8 ಸೋಲು, ಒಂದು ಪಂದ್ಯ ಸಮ. ಆರು ವರ್ಷಗಳ ಒಟ್ಟು ಲೆಕ್ಕ 24 ಗೆಲುವು, 40 ಸೋಲು. ಇನ್ನು ಇವರನ್ನು ಇಟ್ಟುಕೊಳ್ಳುವುದರಲ್ಲಿ ಅರ್ಥವಿಲ್ಲವೆಂದು ಅಭಿಮಾನಿಗಳು ಹೇಳಿದರೆ ಅವರನ್ನು ದೂರುವಂತಿರಲಿಲ್ಲ.

ಆದರೆ ಆ ಅಂಕಿಗಳ ಹಿಂದೆ ಇನ್ನೊಂದು ಸಂಗತಿಯಿತ್ತು. ಹಿಂದಿನ ಆಡಳಿತದಲ್ಲಿ ನಡೆದ ನಿಯಮಭಂಗಗಳಿಗಾಗಿ ವಿಶ್ವವಿದ್ಯಾನಿಲಯಗಳ ಕ್ರೀಡಾ ಮಂಡಳಿಯು ವರ್ಜೀನಿಯ ಟೆಕ್ ತಂಡಕ್ಕೆ ದಂಡನೆ ವಿಧಿಸಿತ್ತು. ತಂಡ ಕೊಡಬಹುದಾದ ವಿದ್ಯಾರ್ಥಿವೇತನಗಳ ಸಂಖ್ಯೆಯನ್ನೇ ಕಡಿತಗೊಳಿಸಿತ್ತು. ವಿದ್ಯಾರ್ಥಿವೇತನ ಕಡಿಮೆಯಾದರೆ ಒಳ್ಳೆಯ ಆಟಗಾರರು ಕಡಿಮೆ. ಒಬ್ಬರು ಮಾಡಿದ ಸಾಲವನ್ನು ಇನ್ನೊಬ್ಬರು ತೀರಿಸುವಂತಾಗಿತ್ತು ಬೀಮರ್ ಸ್ಥಿತಿ.

1992ರ ಸೋಲಿನ ನಂತರ ಕ್ರೀಡಾ ನಿರ್ದೇಶಕ ಡೇವ್ ಬ್ರೇನ್ ಅವರು ಬೀಮರ್ ಅವರನ್ನು ಉಳಿಸಿಕೊಂಡರು. ಹಾಗೆಂದು ಎಲ್ಲವನ್ನೂ ಹಾಗೇ ಬಿಡಲಿಲ್ಲ. ಸಹಾಯಕ ಕೋಚ್‌ಗಳಲ್ಲಿ ಬದಲಾವಣೆಗಳಾದವು. 1993ರಲ್ಲಿ ತಂಡ 9 ಪಂದ್ಯ ಗೆದ್ದಿತು, 3 ಸೋತಿತು. ಋತುವಿನ ಕೊನೆಗೆ ಉತ್ತಮ ತಂಡಗಳಿಗಷ್ಟೇ ಸಿಗುವ ವಿಶೇಷ ಪಂದ್ಯಕ್ಕೆ ಆಹ್ವಾನ ಪಡೆದು ಅಲ್ಲೂ ಗೆದ್ದಿತು. ಅಲ್ಲಿಂದ 2015ರಲ್ಲಿ ಬೀಮರ್ ನಿವೃತ್ತರಾಗುವವರೆಗೆ ಸತತ 23 ವರ್ಷ ಆ ಆಹ್ವಾನ ಒಮ್ಮೆಯೂ ತಪ್ಪಲಿಲ್ಲ. 1999ರ ಋತುವಿನಲ್ಲಿ ತಂಡ ರಾಷ್ಟ್ರೀಯ ಪ್ರಶಸ್ತಿಯ ಅಂತಿಮ ಪಂದ್ಯದವರೆಗೂ ಹೋಯಿತು. ವರ್ಜೀನಿಯ ಟೆಕ್‌ನಲ್ಲಿ ಅವರ ಒಟ್ಟು ಗೆಲುವು 238. ಈಗ ಅಲ್ಲಿನ ರಸ್ತೆಯೊಂದಕ್ಕೆ ಅವರ ಹೆಸರಿದೆ.

ಹೊಸ ಕೋಚ್‌ಗೆ ಸಮಯ ಬೇಕಾಗುವುದಕ್ಕೆ ಕಾರಣ ಸರಳ. ಮೊದಲ ವರ್ಷ ಮೈದಾನಕ್ಕಿಳಿಯುವ ಹುಡುಗರನ್ನು ಆತ ಆರಿಸಿರುವುದಿಲ್ಲ. ಅವರನ್ನು ಪ್ರೌಢಶಾಲೆಗಳಿಂದ ಹುಡುಕಿ ತಂದವರು ಹಿಂದಿನವರು. ಹೊಸಬ ತಾನೇ ಹುಡುಕಿದ 18ರ ಹುಡುಗ ಎಷ್ಟೋ ವೇಳೆ ಮೊದಲ ವರ್ಷವೆಲ್ಲ ಅಭ್ಯಾಸಕ್ಕಷ್ಟೇ ಸೀಮಿತ. ಅವನ ಮೈ ಕಟ್ಟುಮಸ್ತಾಗಿ, ತಂತ್ರಗಳು ಕರಗತವಾಗಿ, ಪೂರ್ಣ ಪ್ರಮಾಣದ ಆಟಗಾರನಾಗುವುದು ಮೂರನೆಯ ಅಥವಾ ನಾಲ್ಕನೆಯ ವರ್ಷದಲ್ಲಿ. ಬೆಳೆಯುವ ಸಿರಿಯನ್ನು ಮೊಳಕೆಯಲ್ಲೇ ನೋಡು ಎನ್ನುತ್ತದೆ ಗಾದೆ. ಆದರೆ ಇಲ್ಲಿ ಮೊದಲು ಕಾಣುವ ಮೊಳಕೆ ಹಿಂದಿನ ಕೋಚ್ ಬಿತ್ತಿದ ಬೀಜದ್ದು!

ಇದೇ ತಪ್ಪು ಗೆದ್ದವರ ವಿಷಯದಲ್ಲೂ ಆಗುತ್ತದೆ ಎಂಬುದನ್ನು ಬಹಳ ಜನ ಗಮನಿಸುವುದಿಲ್ಲ. ಪ್ರಸಿದ್ಧ ನೋಟರ್ ಡೇಮ್ ವಿಶ್ವವಿದ್ಯಾನಿಲಯದಲ್ಲಿ ಟೈರೋನ್ ವಿಲ್ಲಿಂಗ್‌ಹ್ಯಾಮ್ 2002ರಲ್ಲಿ ಕೋಚ್ ಆದರು. ಮೊದಲ ಎಂಟು ಪಂದ್ಯಗಳನ್ನೂ ಗೆದ್ದಾಗ ಅವರನ್ನು ಹೊಗಳದವರಿಲ್ಲ. ಮುಂದಿನ ಎರಡು ವರ್ಷ ಫಲಿತಾಂಶ ಇಳಿಮುಖವಾಯಿತು. ಮೂರೇ ವರ್ಷಗಳಿಗೆ, 2004ರ ನವೆಂಬರ್‌ನಲ್ಲಿ, ಅವರನ್ನು ತೆಗೆದುಹಾಕಲಾಯಿತು. ಅವರ ಜಾಗಕ್ಕೆ ಬಂದ ಚಾರ್ಲಿ ವೈಸ್ ತಮ್ಮ ಮೊದಲ ಋತುವಿನ ನಡುವೆಯೇ, 2005ರ ಅಕ್ಟೋಬರ್‌ನಲ್ಲಿ, ಹತ್ತು ವರ್ಷಗಳ ಹೊಸ ಒಪ್ಪಂದ ಪಡೆದರು. ಆಗ ಅವರು ಆಡಿಸಿದ್ದು ಬರೀ ಏಳು ಪಂದ್ಯ.

ವೈಸ್ ಮೊದಲ ಎರಡು ವರ್ಷ 9 ಮತ್ತು 10 ಪಂದ್ಯಗಳನ್ನು ಗೆದ್ದರು. ಆದರೆ ಆ ತಂಡದ ಬೆನ್ನೆಲುಬಾಗಿದ್ದ ಬ್ರೇಡಿ ಕ್ವಿನ್ ಅವರನ್ನು ಕರೆತಂದಿದ್ದವರು ವಿಲ್ಲಿಂಗ್‌ಹ್ಯಾಮ್. ಆ ತಲೆಮಾರು ಓದು ಮುಗಿಸಿ ಹೊರಟ ಮೇಲೆ, 2007ರಲ್ಲಿ, ತಂಡ 9 ಪಂದ್ಯ ಸೋತಿತು. ಆ ಸಂಸ್ಥೆಯ ಇತಿಹಾಸದಲ್ಲೇ ಒಂದು ಋತುವಿನಲ್ಲಿ ಅಷ್ಟು ಸೋಲು ಅದುವರೆಗೆ ಆಗಿರಲಿಲ್ಲ. 2009ರಲ್ಲಿ ವೈಸ್ ಅವರನ್ನೂ ತೆಗೆಯಲಾಯಿತು. ಒಪ್ಪಂದ ಮುರಿದಿದ್ದಕ್ಕೆ ಸಂಸ್ಥೆ ವರ್ಷಗಳ ಕಾಲ ಕಂತುಗಳಲ್ಲಿ ತೆತ್ತ ಹಣ ಸುಮಾರು 1 ಕೋಟಿ 90 ಲಕ್ಷ ಡಾಲರ್. ಹಾಗಾದರೆ ವಿಲ್ಲಿಂಗ್‌ಹ್ಯಾಮ್ ಅಪರಂಜಿಯೇ? ಹಾಗೂ ಹೇಳುವಂತಿಲ್ಲ. ಮುಂದೆ ಅವರು ವಾಷಿಂಗ್ಟನ್ ವಿಶ್ವವಿದ್ಯಾನಿಲಯದಲ್ಲಿ 2008ರ ಋತುವಿನ 12 ಪಂದ್ಯಗಳನ್ನೂ ಸೋತರು. ಇಲ್ಲಿ ತಿಳಿಯಬೇಕಾದದ್ದು ಇಷ್ಟೆ: ಸೋತವನನ್ನು ಓಡಿಸಿದ ಅವಸರವೂ ಗೆದ್ದವನನ್ನು ಹೆಗಲ ಮೇಲೆ ಹೊತ್ತ ಅವಸರವೂ ಒಂದೇ ಜಾತಿಯವು.

ಅಭಿಮಾನಿಗಳ ಅಳತೆಗೋಲು ನಿರೀಕ್ಷೆಗೆ ತಕ್ಕಂತೆ ಹಿಗ್ಗುತ್ತದೆ, ಕುಗ್ಗುತ್ತದೆ. 1989ರಲ್ಲಿ ಬಿಲ್ ಸ್ನೈಡರ್ ಕ್ಯಾನ್ಸಸ್ ಸ್ಟೇಟ್ ತಂಡಕ್ಕೆ ಬಂದಾಗ ಅದು 1986ರ ಅಕ್ಟೋಬರ್‌ನಿಂದ ಒಂದು ಪಂದ್ಯವನ್ನೂ ಗೆದ್ದಿರಲಿಲ್ಲ. ಸ್ನೈಡರ್ ಮೊದಲ ವರ್ಷ ಗೆದ್ದದ್ದು ಒಂದೇ ಒಂದು, ಸೋತದ್ದು ಹತ್ತು. ಅಂಕಿಗಳಲ್ಲಿ ಅದು ಬೀಮರ್ ಅವರ ಮೊದಲ ವರ್ಷಕ್ಕಿಂತ ಕಳಪೆ. ಆದರೂ ಆ ಒಂದು ಗೆಲುವಿಗೆ ಊರು ಸಂಭ್ರಮಿಸಿತು. ಕೋಚ್‌ಗೆ ಸಮಯ ಸಿಕ್ಕಿತು. 1993ರ ಹೊತ್ತಿಗೆ ತಂಡ 9 ಪಂದ್ಯ ಗೆಲ್ಲುವಂತಾಯಿತು. ಈಗ ಅಲ್ಲಿನ ಕ್ರೀಡಾಂಗಣಕ್ಕೇ ಸ್ನೈಡರ್ ಕುಟುಂಬದ ಹೆಸರು. ಎಲ್ಲಿಂದ ಆರಂಭವಾಯಿತು ಎಂಬುದನ್ನು ನೋಡಿ ಅಳೆದದ್ದರಿಂದ ಅಲ್ಲಿ ನ್ಯಾಯ ಸಿಕ್ಕಿತು.

ಇಷ್ಟು ಓದಿದವರಿಗೆ ತಾಳ್ಮೆಯೊಂದಿದ್ದರೆ ಸಾಕು, ಎಲ್ಲ ಕೋಚ್‌ಗಳೂ ಬೀಮರ್ ಆಗುತ್ತಾರೆ ಎನ್ನಿಸಬಹುದು. ಎಚ್ಚರ ಬೇಕು. ಕೊನೆಗೆ ಗೆದ್ದವರ ಕತೆಗಳನ್ನೇ ಜನ ಮತ್ತೆ ಮತ್ತೆ ಹೇಳುತ್ತಾರೆ. ಕಾದೂ ಕಾದೂ ಏನೂ ಸಿಗದ ಕತೆಗಳು ಮರೆಯಾಗುತ್ತವೆ.

ಅಂಥದೊಂದು ಕತೆ ನೆಬ್ರಾಸ್ಕದ್ದು. ಸ್ಕಾಟ್ ಫ್ರಾಸ್ಟ್ ಅದೇ ನೆಲದ ಮಗ. 1997ರಲ್ಲಿ ನೆಬ್ರಾಸ್ಕ ರಾಷ್ಟ್ರೀಯ ಪ್ರಶಸ್ತಿ ಗೆದ್ದಾಗ ತಂಡದ ಮುಖ್ಯ ಆಟಗಾರ. 2018ರಲ್ಲಿ ಕೋಚ್ ಆಗಿ ಮರಳಿದಾಗ ಅಭಿಮಾನಿಗಳು ಕಣ್ಣಿಗೊತ್ತಿಕೊಂಡರು. ಮೊದಲ ಆರು ಪಂದ್ಯಗಳನ್ನೂ ಸೋತಾಗ ಸಹಿಸಿಕೊಂಡರು. 2021ರಲ್ಲಿ ತಂಡ 9 ಪಂದ್ಯ ಸೋತಿತು, ಆದರೆ ಒಂಬತ್ತೂ ಹತ್ತಕ್ಕಿಂತ ಕಡಿಮೆ ಅಂಕಗಳ ಅಂತರದಲ್ಲಿ. ದುರದೃಷ್ಟ, ಮುಂದಿನ ವರ್ಷ ಸರಿಹೋಗುತ್ತದೆ ಎಂದು ಎಷ್ಟೋ ಜನ ನಂಬಿದರು. ಒಂದೆರಡು ಪಂದ್ಯ ಕೂದಲೆಳೆಯಲ್ಲಿ ಕೈತಪ್ಪಿದರೆ ಅದೃಷ್ಟವನ್ನು ಹಳಿಯಬಹುದು. ಆದರೆ ಫ್ರಾಸ್ಟ್ ಕಾಲದಲ್ಲಿ 8 ಅಥವಾ ಅದಕ್ಕಿಂತ ಕಡಿಮೆ ಅಂಕಗಳಲ್ಲಿ ತೀರ್ಮಾನವಾದ ಪಂದ್ಯಗಳಲ್ಲಿ ನೆಬ್ರಾಸ್ಕ ಗೆದ್ದದ್ದು 5, ಸೋತದ್ದು 22. ಅದೇ ತಪ್ಪುಗಳು, ಅದೇ ಗಳಿಗೆಯಲ್ಲಿ, ವರ್ಷ ವರ್ಷವೂ. ಅದು ಅದೃಷ್ಟದ ಮಾತಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಅವರನ್ನು ತೆಗೆದಾಗ ಅನ್ಯಾಯವಾಯಿತು ಎಂದವರು ಕಡಿಮೆ. ಬೀಮರ್ ಮತ್ತು ಫ್ರಾಸ್ಟ್ ಇಬ್ಬರಿಗೂ ಸಮಯ ಸಿಕ್ಕಿತ್ತು. ಒಬ್ಬರು ಆ ಸಮಯದಲ್ಲಿ ಕೆಲಸದ ರೀತಿ ಬದಲಿಸಿದರು. ಇನ್ನೊಬ್ಬರ ತಂಡ ಹಳೆಯ ತಪ್ಪಿನಿಂದ ಹೊರಬರಲೇ ಇಲ್ಲ.

ಕಾಲವೂ ಬದಲಾಗಿದೆ ಎಂಬುದನ್ನು ಅಭಿಮಾನಿಗಳ ಪರವಾಗಿ ಹೇಳಬೇಕು. 2021ರಿಂದ ಆಟಗಾರರು ಒಂದು ವರ್ಷ ಹೊರಗೆ ಕೂರದೆ ಬೇರೆ ವಿಶ್ವವಿದ್ಯಾನಿಲಯಕ್ಕೆ ಹೋಗಿ ಆಡಬಹುದು. ಹೊಸ ಕೋಚ್ ಈಗ ಒಂದೇ ವರ್ಷದಲ್ಲಿ ಅರ್ಧ ತಂಡವನ್ನೇ ಬದಲಿಸಬಲ್ಲ. 2023ರಲ್ಲಿ 3 ಪಂದ್ಯ ಗೆದ್ದಿದ್ದ ಇಂಡಿಯಾನಕ್ಕೆ ಮರುವರ್ಷ ಬಂದ ಕರ್ಟ್ ಸಿಗ್ನೆಟಿ, ತಮ್ಮ ಹಿಂದಿನ ಸಂಸ್ಥೆಯಿಂದ ಹತ್ತಕ್ಕೂ ಹೆಚ್ಚು ಆಟಗಾರರನ್ನು ಕರೆತಂದು ಮೊದಲ ಋತುವಿನಲ್ಲೇ 11 ಪಂದ್ಯ ಗೆದ್ದರು. ಹೀಗಾಗಿ ‘ಇವರು ನನ್ನ ಹುಡುಗರಲ್ಲ’ ಎಂಬ ಸಬೂಬು ಈಗ ಮೊದಲಿನಷ್ಟು ದಿನ ನಡೆಯದು. ಆದರೆ ಒಬ್ಬರು ಒಂದೇ ವರ್ಷದಲ್ಲಿ ಸಾಧಿಸಿದ್ದನ್ನು ಎಲ್ಲರಿಂದಲೂ ನಿರೀಕ್ಷಿಸುವುದು ಮೊದಲ ರ‍್ಯಾಂಕ್ ಬಂದ ಪಕ್ಕದ ಮನೆ ಹುಡುಗನನ್ನು ತೋರಿಸಿ ಮಗನನ್ನು ಬೈದಂತೆಯೇ.

ಈ ಅವಸರಕ್ಕೆ ಬೆಲೆ ತೆರುವವರು ಯಾರು? ಕೋಚ್ ಹೊಟ್ಟೆಗಿಲ್ಲದೆ ಸಾಯುವುದಿಲ್ಲ. 2023ರ ನವೆಂಬರ್‌ನಲ್ಲಿ ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾನಿಲಯವು ಜಿಂಬೊ ಫಿಷರ್ ಅವರನ್ನು ಕಳಿಸಿದಾಗ ಕೊಡಬೇಕಾಗಿ ಬಂದದ್ದು ಏಳೂವರೆ ಕೋಟಿ ಡಾಲರ್‌ಗೂ ಹೆಚ್ಚು. ಕಷ್ಟ ಬರುವುದು ಸಹಾಯಕ ಕೋಚ್‌ಗಳಿಗೆ. ಅವರು ಸಂಸಾರ ಸಮೇತ ಊರು ಬದಲಿಸಬೇಕು, ಮಕ್ಕಳ ಶಾಲೆ ಬಿಡಿಸಬೇಕು. ಅದಕ್ಕಿಂತ ಹೆಚ್ಚಿನ ಕಷ್ಟ ಆ ಕೋಚ್ ಮನೆಗೆ ಬಂದು ಕೊಟ್ಟ ಮಾತನ್ನು ನಂಬಿ ಕಾಲೇಜು ಆರಿಸಿಕೊಂಡ 18ರ ಹುಡುಗರಿಗೆ. ಹೊಸಬ ಬಂದು, ನಿನ್ನ ಆಟ ನನ್ನ ಪದ್ಧತಿಗೆ ಒಗ್ಗುವುದಿಲ್ಲ ಎಂದರೆ ಅವರು ಯಾರನ್ನು ಕೇಳಬೇಕು?

ಆದ್ದರಿಂದ ಅಭಿಮಾನಿ ಸಿಟ್ಟಾಗಬಾರದು ಎಂದಲ್ಲ. ತೀರ್ಪು ಕೊಡುವ ಮುನ್ನ ಮೂರು ಪ್ರಶ್ನೆ ಕೇಳಿಕೊಂಡರೆ ಸಾಕು. ಈತನ ಕೈಗೆ ಬಂದದ್ದು ಏನು? ಈತ ಬಿತ್ತಿದ್ದು ಬೆಳೆಯಲು ಬೇಕಾದಷ್ಟು ದಿನ ಕಳೆದಿವೆಯೇ? ಕಳೆದ ವರ್ಷದ ತಪ್ಪು ಈ ವರ್ಷವೂ ಇದೆಯೇ, ಅಥವಾ ಈಗ ಆಗುತ್ತಿರುವುದು ಹೊಸ ತಪ್ಪೇ? ಮೂರನೆಯದೇ ಮುಖ್ಯ. ಕಲಿಯುತ್ತಿರುವವನೂ ಸೋಲುತ್ತಾನೆ, ಕಲಿಯದವನೂ ಸೋಲುತ್ತಾನೆ. ಫಲಿತಾಂಶ ಪಟ್ಟಿಯಲ್ಲಿ ಇಬ್ಬರೂ ಒಂದೇ ರೀತಿ ಕಾಣುತ್ತಾರೆ. ವ್ಯತ್ಯಾಸ ತಿಳಿಯಬೇಕಾದರೆ ಪಂದ್ಯವನ್ನು ನೋಡಬೇಕು.

ಕಾಲೇಜು ಬದಲಿಸಿ, ಹೊಸ ಮಾಧ್ಯಮದಲ್ಲಿ ಓದಲಾರಂಭಿಸಿ, ಮೊದಲ ಕಿರುಪರೀಕ್ಷೆಯಲ್ಲಿ 35 ಅಂಕ ತಂದ ಮಗಳ ಮುಂದೆ ಕೂತ ತಂದೆ ತಾಯಿಗೂ ಈ ಪ್ರಶ್ನೆಗಳು ಒಪ್ಪುತ್ತವೆ. ಅಂಕಪಟ್ಟಿಗೆ ಸಹಿ ಹಾಕುವ ಮುನ್ನ ಉತ್ತರಪತ್ರಿಕೆಯನ್ನೊಮ್ಮೆ ತೆರೆದು ನೋಡಿದರೆ, ಬೈಯಬೇಕೋ ಬೆನ್ನು ತಟ್ಟಬೇಕೋ ಅಲ್ಲಿ ತಿಳಿಯುತ್ತದೆ.